ಗೋಡೆಗೆ ಬಡಿದ ಸೌತೆಬೀಜ

ಬೀಜಕ್ಕೆ ದುಡ್ಡು ಕೊಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದನ್ನು ನಾನು ಮನಸ್ಸಿನಲ್ಲಿ ಇಟ್ಟುಕೊಂಡವಳಲ್ಲ, ನಮ್ಮ ಸೊಸೈಟಿಯ ಮೀಟಿಂಗಿನಲ್ಲೂ ಎದ್ದು ನಿಂತು ಹೇಳಿದ್ದೇನೆ. ಮದುವೆಯಾಗಿ ಡೊಂಬಿವಲಿಗೆ ಬಂದಂದಿನಿಂದ ಒಂದು ಪ್ಯಾಕೆಟ್ ಬೀಜ, ಒಂದು ಪ್ಲಾಸ್ಟಿಕ್ ಕುಂಡ, ಒಂದು ಚೀಲ ಗೊಬ್ಬರ ನಾನು ಕೊಂಡದ್ದಿಲ್ಲ. ಆದರೂ ಎಂಐಡಿಸಿಯ ನಮ್ಮ ಮೂರನೇ ಮಾಳಿಗೆಯ ಬಾಲ್ಕನಿಗೆ ಒಮ್ಮೆ ಬಂದು ನೋಡಿ. ಬಸಳೆ ಉಂಟು, ಹರಿವೆ ಉಂಟು, ಅಲಸಂಡೆ ಉಂಟು, ಊರಿನ ಬಿಳಿ ಬೆಂಡೆ ಉಂಟು. ಬಟ್ಟೆ ಒಣಗಿಸಲು ಜಾಗವಿಲ್ಲ ಎಂದು ನನ್ನ ಗಂಡ ಗುರುವಪ್ಪ ಗೊಣಗುವುದೂ ಉಂಟು.

ಇದೆಲ್ಲ ಹೇಗೆ ಅಂದರೆ, ಹೋಟೆಲಿನಿಂದ. ಎಂಐಡಿಸಿಯ ಕಾರ್ಖಾನೆಗಳ ನಡುವೆ ನಮ್ಮದೊಂದು ಹೋಟೆಲು. ಮೊದಲು ಇವರು ನಡೆಸುತ್ತಿದ್ದರು, ಈಗ ಮಗ ಯತಿನ್ ಗಲ್ಲೆಯಲ್ಲಿ ಕೂರುತ್ತಾನೆ. ಹೋಟೆಲೆಂದರೆ ಎಲ್ಲರಿಗೂ ಇಡ್ಲಿ ವಡೆ ನೆನಪಾಗುತ್ತದೆ, ನನಗೆ ನೆನಪಾಗುವುದು ಅಲ್ಲಿಯ ಕಸ. ಚಟ್ನಿಗೆ ಒಡೆದ ತೆಂಗಿನಕಾಯಿಯ ಗೆರಟೆಗಳು ಸಸಿಯ ಕುಂಡವಾಗುತ್ತವೆ. ಕಣ್ಣಿನ ಜಾಗದಲ್ಲಿ ಮೊಳೆ ಹೊಡೆದರೆ ನೀರು ಇಳಿಯಲು ತೂತೂ ಆಯಿತು. ಅಡಿಯಲ್ಲಿ ತೆಂಗಿನ ನಾರು, ಮೇಲೆ ಮಣ್ಣು ಮತ್ತು ಚಹಾದ ಚರಟ. ಚರಟವನ್ನು ಹಾಗೆಯೇ ಹಾಕಬಾರದು, ಸಕ್ಕರೆ ಹೋಗುವ ತನಕ ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಇರುವೆಗಳಿಗೆ ಮದುವೆ ಊಟ. ದೊಡ್ಡ ಗಿಡಕ್ಕೆ ಹಾಲಿನ ಪ್ಲಾಸ್ಟಿಕ್ ತೊಟ್ಟೆ, ಕುಡಿಸಲು ಅಕ್ಕಿ ತೊಳೆದ ನೀರು. ದಿನಾ ಬೆಳಿಗ್ಗೆ ಚಹಾಕ್ಕೆ ಮೊದಲು ಒಂದೊಂದು ಗೆರಟೆಗೂ ಬೆರಳಿಟ್ಟು ನೋಡುತ್ತೇನೆ. ಮಣ್ಣು ಕೇಳಿದರೆ ನೀರು, ಕೇಳದಿದ್ದರೆ ಇಲ್ಲ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದರೆ ನಾನು ಉತ್ತರ ಕೊಡುವುದಿಲ್ಲ, ಇದು ಮನೆಯವರಿಗೆಲ್ಲ ಗೊತ್ತು.

ಆದರೆ ನನ್ನ ನಿಜವಾದ ಜಂಬ ಇರುವುದು ಸೌತೆಯಲ್ಲಿ. ಹಸಿಯಾಗಿ ಉಪ್ಪು ಹಚ್ಚಿ ತಿನ್ನುವ ಕಾಕಡಿ ಅಲ್ಲ, ಹಣ್ಣಾದ ಮೇಲೆ ಹಳದಿಯಾಗಿ ಕೊದ್ದೆಲಿಗೆ ಬೀಳುವ ನಮ್ಮ ಕಡೆಯ ಸೌತೆ. ತೆಂಗಿನಕಾಯಿ ಅರೆದು ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಆ ಕೊದ್ದೆಲ್ ಒಂದಿದ್ದರೆ ನಮಗೆ ಬೇರೆ ಪದಾರ್ಥ ಬೇಡ. ಮಾರ್ಕೆಟಿನಲ್ಲೂ ಸೌತೆ ಸಿಗುತ್ತದೆ, ಯಾರು ಇಲ್ಲ ಅಂದರು? ಆದರೆ ಅಮ್ಮನ ಸೌತೆಗೆ ತೊಟ್ಟಿನ ಬುಡದಲ್ಲಿ ಹೆಬ್ಬೆರಳಿಟ್ಟು ಒತ್ತಿದಂಥ ಒಂದು ತಗ್ಗು ಇರುತ್ತದೆ. ಅದು ಬೇರೆ ಯಾವ ಸೌತೆಯಲ್ಲೂ ನಾನು ಕಂಡದ್ದಿಲ್ಲ. ಕಟಪಾಡಿಯ ಹತ್ತಿರ ಅಮ್ಮನಿಗೆ ಒಂದು ತುಂಡು ಗದ್ದೆ ಇತ್ತು. ತಮ್ಮ ಅದನ್ನು ಮಾರಿದ ಮೇಲೆ ಅಮ್ಮ ನೆರೂಳದಲ್ಲಿರುವ ನನ್ನ ತಂಗಿ ಲೋಲಾಕ್ಷಿಯ ಮನೆಗೆ ಬಂದಳು, ಏಕೆಂದರೆ ಅಲ್ಲಿ ಲಿಫ್ಟ್ ಉಂಟು. ಅಮ್ಮ ಲೋಲಾಕ್ಷಿಗೆ ಸಿಕ್ಕಿದಳು, ಬೀಜ ನನಗೆ ಸಿಕ್ಕಿತು. ಲೋಲಾಕ್ಷಿ ಹಿಂದೊಮ್ಮೆ ಅದೇ ಬೀಜವನ್ನು ಡಬ್ಬದಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ ಬೂಷ್ಟು ಹಿಡಿಸಿದವಳು, ಅವಳ ಕೈಗೆ ಅಮ್ಮ ಮತ್ತೆ ಕೊಡುತ್ತಾಳೆಯೇ? ಈಗ ಆ ಬೀಜ ಇಡೀ ಜಗತ್ತಿನಲ್ಲಿ ಇದ್ದದ್ದು ನನ್ನ ಬಾಲ್ಕನಿಯ ಗೋಡೆಯಲ್ಲಿ ಮಾತ್ರ.

ಗೋಡೆಯಲ್ಲಿ ಅಂದರೆ ಗೋಡೆಯಲ್ಲೇ. ನಮ್ಮಲ್ಲಿ ಸೌತೆಬೀಜ ಇಡುವ ಕ್ರಮವೇ ಹಾಗೆ. ಚೆನ್ನಾಗಿ ಹಣ್ಣಾದ ಸೌತೆಯನ್ನು ಊರಿನಲ್ಲಾದರೆ ಬಾಳೆನಾರಿನಲ್ಲಿ ಕಟ್ಟಿ ಮಾಡಿನ ಅಡ್ಡಕ್ಕೆ ತೂಗುಹಾಕುತ್ತಾರೆ, ನಾನು ಹಳೆಯ ಸೀರೆಯ ಅಂಚಿನಲ್ಲಿ ಕಟ್ಟಿ ಬಾಲ್ಕನಿಯ ಗ್ರಿಲ್ಲಿಗೆ ತೂಗುಹಾಕುತ್ತೇನೆ. ಆಮೇಲೆ ಬೀಜ ತೆಗೆದು ತೊಳೆದು, ಸೆಗಣಿ ಮತ್ತು ಬೂದಿಯಲ್ಲಿ ಕಲಸಿ, ಚಿಕ್ಕ ಚಿಕ್ಕ ಉಂಡೆ ಮಾಡಿ ಗೋಡೆಗೆ ಬಡಿಯುವುದು. ಹುಳ ಮುಟ್ಟುವುದಿಲ್ಲ, ಇಲಿ ಮೂಸುವುದಿಲ್ಲ, ಬೂಷ್ಟಂತೂ ಇಲ್ಲವೇ ಇಲ್ಲ. ಸೆಗಣಿ ಕಲ್ಯಾಣದ ತಬೇಲೆಯಿಂದ ಹಾಲಿನವನು ತಂದುಕೊಡುತ್ತಾನೆ, ಬೂದಿ ಕೆಳಗಿನ ಇಸ್ತ್ರಿಯವನ ಇದ್ದಿಲಿನದು. ಮಳೆಗಾಲ ಹತ್ತಿರ ಬಂದಾಗ ಉಂಡೆ ಕಿತ್ತು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಬಿತ್ತಿದರೆ ಮುಗಿಯಿತು.

ಕಳೆದ ಮೇ ತಿಂಗಳಲ್ಲಿ ಅಮ್ಮನನ್ನು ನೋಡಲು ಎರಡು ದಿನ ನೆರೂಳಕ್ಕೆ ಹೋಗಿದ್ದೆ. ಅಮ್ಮನಿಗೆ ಕಣ್ಣು ಮಂಜಾಗಿದೆ, ಊಟ ಸೇರುತ್ತಿಲ್ಲ. ಲೋಲಾಕ್ಷಿ ಏನು ಮಾಡಿ ಬಡಿಸಿದರೂ ಎರಡು ತುತ್ತಿಗೆ ಕೈ ತೊಳೆಯುತ್ತಾಳೆ. ನಾನು ಹೊರಡುವಾಗ ನನ್ನ ಕೈ ಹಿಡಿದಳು. ನಮ್ಮ ಮನೆಮಾತು ತುಳು, ಅವಳು ಹೇಳಿದ್ದನ್ನು ಕನ್ನಡದಲ್ಲೇ ಹೇಳುತ್ತೇನೆ.

"ಈ ಸಲ ಹೊಸತು ಉಣ್ಣಲು ನಿನ್ನಲ್ಲಿಗೆ ಬರ್ತೇನೆ ದಮಯಂತಿ. ನಮ್ಮ ಸೌತೆಯ ಕೊದ್ದೆಲ್ ಮಾಡು. ಬೇರೆ ಎಂಥದೂ ಬೇಡ ನನಗೆ."

ಹೊಸತು ಎಂದರೆ ಹೊಸ ಅಕ್ಕಿಯ ಊಟ, ಚೌತಿ ಕಳೆದ ಮೇಲೆ ಮನೆಮಂದಿಯೆಲ್ಲ ಸೇರಿ ಉಣ್ಣುವುದು. ಆ ದಿನ ಮನೆಯ ಬಳ್ಳಿಯದೇ ಒಂದು ತರಕಾರಿಯಾದರೂ ಎಲೆಗೆ ಬೀಳಬೇಕು. "ಅದಕ್ಕೆಂಥ, ಬಾ. ಒಂದಲ್ಲ, ನಾಲ್ಕು ಸೌತೆ ತೂಗುಹಾಕಿರ್ತೇನೆ" ಎಂದು ಲೋಲಾಕ್ಷಿಗೂ ಕೇಳುವಂತೆ ಹೇಳಿ ಬಂದೆ.

ಮನೆಗೆ ಬಂದು ಬಾಲ್ಕನಿಯ ಬಾಗಿಲು ತೆರೆದರೆ ಗೋಡೆ ಬೆಳ್ಳಗೆ ಹೊಳೆಯುತ್ತಿತ್ತು. ಫಿನಾಯಿಲ್ ವಾಸನೆ. ನನ್ನ ಸೊಸೆ ತನ್ವಿ ತಲೆಗೆ ದುಪಟ್ಟಾ ಸುತ್ತಿಕೊಂಡು, ಕೈಯಲ್ಲಿ ದೋಸೆಯ ಸಟ್ಟುಗ ಹಿಡಿದುಕೊಂಡು ನಗುತ್ತ ನಿಂತಿದ್ದಳು.

ತನ್ವಿಯ ಬಗ್ಗೆ ಹೇಳಬೇಕು. ಯತಿನ್‌ನ ಮದುವೆಯಾಗಿ ಆಗ ಇನ್ನೂ ವರ್ಷ ತುಂಬಿರಲಿಲ್ಲ. ಹುಡುಗಿ ನಮ್ಮವರೇ, ಆದರೆ ಹುಟ್ಟಿ ಬೆಳೆದದ್ದು ಖಾರಘರದಲ್ಲಿ, ಕೆಲಸ ಠಾಣೆಯ ಒಂದು ಆಫೀಸಿನಲ್ಲಿ. ನಾವು ಏನು ಹೇಳಿದರೂ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲೋ ಮರಾಠಿಯಲ್ಲೋ ಬರುತ್ತದೆ. ಮೆತ್ತಗಿನ ಹುಡುಗಿ. ನನ್ನೆದುರು ಗಂಟಲು ಎತ್ತಿ ಮಾತಾಡಿದ್ದಿಲ್ಲ, ಅದು ನನಗೆ ಒಂದು ರೀತಿಯಲ್ಲಿ ಇಷ್ಟವೂ ಆಗಿತ್ತು, ಬೇಜಾರೂ ಆಗಿತ್ತು.

"ಸರ್‌ಪ್ರೈಜ್, ಅತ್ತೆ!" ಎಂದಳು. "ಪೂರಾ ದಿವಾರ್ ಪೇ ಕಬೂತರ್ ಕೀ ಗಂದಗೀ ಥೀ. ಕಿತೀ ಘಾಣ! ಮೈಂನೇ ಸಬ್ ನಿಕಾಲ್ ದಿಯಾ."

ಗೋಡೆಯ ತುಂಬ ಪಾರಿವಾಳದ ಹೇಲು ಇತ್ತಂತೆ, ಎಲ್ಲ ಕೆರೆದು ತೆಗೆದಳಂತೆ. ನನಗೆ ಮಾತೇ ಹೊರಡಲಿಲ್ಲ ಎಂದರೆ ನಮ್ಮ ಬಿಲ್ಡಿಂಗಿನಲ್ಲಿ ಯಾರೂ ನಂಬುವುದಿಲ್ಲ, ಆದರೆ ಹೊರಡಲಿಲ್ಲ. ಹೊರಟ ಮೇಲೆ ಮಾತ್ರ ನಿಲ್ಲಲಿಲ್ಲ.

"ಕಬೂತರಾ? ನಿನ್ನದು ಎಂಥ ಕಣ್ಣು ಮಾರಾಯ್ತಿ? ಪಾರಿವಾಳ ಎಲ್ಲಾದರೂ ಸಾಲು ಹಿಡಿದು ಹೇಲ್ತದಾ? ಒಂದರ ಪಕ್ಕ ಒಂದು, ಒಂದರ ಪಕ್ಕ ಒಂದು, ರೇಶನ್ ಕ್ಯೂ ನಿಂತ ಹಾಗೆ? ಅದು ಬೀಜ! ನನ್ನ ಅಮ್ಮನ ಸೌತೆಬೀಜ! ಎಲ್ಲಿ ಬಿಸಾಡಿದೆ ಹೇಳು!"

ಗುರುವಪ್ಪ ಪೇಪರನ್ನು ಮುಖದ ಮೇಲಕ್ಕೆ ಏರಿಸಿಕೊಂಡರು. ತನ್ವಿಯ ಕೈಯಿಂದ ಸಟ್ಟುಗ ಕೆಳಗೆ ಬಿತ್ತು.

"ಬಿಸಾಡಲಿಲ್ಲ ಅತ್ತೆ," ಎಂದಳು. ಹೆದರಿದಾಗ ಅವಳಿಗೆ ಕನ್ನಡ ಬರುತ್ತದೆಂದು ನನಗೆ ಅಂದೇ ಗೊತ್ತಾದದ್ದು. "ನೀವೇ ಹೇಳ್ತೀರಲ್ಲ, ಏನೂ ಬಿಸಾಡಬೇಡ ಅಂತ. ನಿನ್ನೆ ಬಕೆಟ್‌ನಲ್ಲಿ ನೆನೆಸಿಟ್ಟೆ. ಖಾದ್ ಆಗ್ತದೆ ಅಂತ. ಆಜ್ ಸುಬಹ್ ಪಂಪ್ ರೂಮ್ ಕೇ ಪಾಸ್ ಜಾಸ್ವಂದ್ ಕೋ ಡಾಲ್ ದಿಯಾ."

ಗೊಬ್ಬರವಾಗುತ್ತದೆಂದು ನೆನೆಸಿ, ಕೆಳಗೆ ಪಂಪಿನ ಕೋಣೆಯ ಪಕ್ಕದ ದಾಸವಾಳಕ್ಕೆ ಸುರಿದಿದ್ದಳು. ಚಪ್ಪಲಿ ಹಾಕಿಕೊಳ್ಳದೆ ಮೆಟ್ಟಿಲಿಳಿದೆ. ದಾಸವಾಳದ ಬುಡದಲ್ಲಿ ಮಂಡಿಯೂರಿ ಬರಿಗೈಯಲ್ಲಿ ಮಣ್ಣು ಕೆದಕಿದೆ. ಬೂದಿಯ ಕಲೆ ಇತ್ತು, ಗೊರವಂಕದ ಕಾಲಿನ ಗುರುತಿತ್ತು, ಇರುವೆಯ ಸಾಲಿತ್ತು. ಬೀಜವೆಂದು ಕೈಗೆ ಸಿಕ್ಕಿದ್ದೆಲ್ಲ ಒಡೆದ ಸಿಪ್ಪೆ. ಸಂಜೆ ವಾಕಿಂಗಿಗೆ ಹೊರಟವರು ನಿಂತು ನಿಂತು ನೋಡಿದರು. ಕಿವಿಯ ಓಲೆ ಕಳೆಯಿತಾ ಎಂದು ಒಬ್ಬಳು ಕೇಳಿದಳು. ಓಲೆಯಾಗಿದ್ದರೆ ನನಗೆ ಅಷ್ಟು ಅಳು ಬರುತ್ತಿರಲಿಲ್ಲ.

ಆಮೇಲೆ ಒಂದು ವಾರ ನಾನು ತನ್ವಿಯ ಹತ್ತಿರ ಮಾತಾಡಲಿಲ್ಲ. ಅವಳು ಒಲೆಯ ಎದುರೇ ನಿಂತಿದ್ದರೂ ಒಳಗಿನ ಕೋಣೆಯಲ್ಲಿದ್ದ ಗಂಡನನ್ನು ಕರೆದು, "ನಿಮ್ಮ ಸೊಸೆಗೆ ಹೇಳಿ, ಅನ್ನ ಆಗಿದೆ ಅಂತ" ಎನ್ನುತ್ತಿದ್ದೆ. ಆ ಸಟ್ಟುಗದಲ್ಲಿ ದೋಸೆ ಎಬ್ಬಿಸಲೂ ಇಲ್ಲ, ಅದನ್ನು ಮೋರಿಯ ಪಕ್ಕ ಎಸೆದಿಟ್ಟೆ. ಯತಿನ್ ಒಂದು ದಿನ, "ಆಯಿತಲ್ಲ ಅಮ್ಮ, ಸೌತೆಗೆ ಇಷ್ಟೊಂದು ಮಂಡೆಬಿಸಿ ಯಾಕೆ? ಭಾಜಿ ಮಾರ್ಕೆಟ್‌ನಲ್ಲಿ ಬೇಕಾದಷ್ಟು ಸಿಗ್ತದೆ" ಅಂದ. ಅವನ ಜೊತೆಯೂ ಮಾತು ಬಿಟ್ಟೆ.

ತನ್ವಿ ಸುಮ್ಮನೆ ಕೂರಲಿಲ್ಲ. ಆನ್‌ಲೈನಿನಲ್ಲಿ ಹುಡುಕಿ ಒಂದು ಪ್ಯಾಕೆಟ್ ತರಿಸಿ, ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು, ಸಾರಿ ಅತ್ತೆ ಎಂದು ಮೆಲ್ಲಗೆ ಹೇಳಿ ಆಫೀಸಿಗೆ ಹೋದಳು. ಹೊರಗೆ ಹಳದಿ ಸೌತೆಯ ಚಿತ್ರ, ಒಳಗೆ ಔಷಧಿ ಬಳಿದ ಗುಲಾಬಿ ಬಣ್ಣದ ಬೀಜ. ಬೀಜಕ್ಕೆ ಯಾರಾದರೂ ಲಿಪ್‌ಸ್ಟಿಕ್ ಹಚ್ಚುತ್ತಾರೆಯೇ? ಕಿಟಕಿಯಿಂದ ಹೊರಗೆ ಎಸೆಯೋಣ ಎಂದು ಕೈ ಎತ್ತಿದೆ. ಆದರೆ ದುಡ್ಡು ಕೊಟ್ಟ ವಸ್ತು, ಎಸೆಯಲು ಜೀವ ಕೇಳಲಿಲ್ಲ. ಸಾಸಿವೆ ಡಬ್ಬದ ಹಿಂದೆ ಇಟ್ಟೆ.

ಅಂದೇ ಮಧ್ಯಾಹ್ನ ಅಮ್ಮನ ಫೋನು ಬಂತು. ಹಾಲೋ ಇಲ್ಲ, ಹೇಗಿದ್ದೀ ಇಲ್ಲ.

"ಬೀಜ ನೆನೆಸಿದೆಯಾ?"

"ಹ್ಞೂಂ," ಎಂದೆ.

"ಮೊಳಕೆ ಬಂತಾ?"

"ಬರ್ತದೆ ಅಮ್ಮ. ಬಾರದೆ ಎಲ್ಲಿಗೆ ಹೋಗ್ತದೆ?"

"ನಾನು ಬದುಕಿರುವುದೇ ಅದಕ್ಕೆ ನೋಡು" ಎಂದು ನಗಾಡಿ ಫೋನು ಇಟ್ಟಳು. ನನಗೆ ನಗು ಬರಲಿಲ್ಲ. ಅಮ್ಮನಿಗೆ ಏನು ಹೇಳುವುದು? ಪಾರಿವಾಳದ್ದೆಂದು ಸೊಸೆ ಕೆರೆದುಹಾಕಿದಳು ಎನ್ನುವುದೇ? ನೂರು ಸಲ ಯೋಚಿಸಿದೆ. ಕೊನೆಗೆ ನನಗೆ ತೋಚಿದ್ದು ಸಾಸಿವೆ ಡಬ್ಬದ ಹಿಂದಿನ ಪ್ಯಾಕೆಟ್ಟು. ಅಮ್ಮನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಸೌತೆ ಹಳದಿಯಾಗಿದ್ದರೆ ಸಾಕು, ಕೊದ್ದೆಲಿಗೆ ಬಿದ್ದ ಮೇಲೆ ಯಾವ ಸೌತೆಯಾದರೇನು? ಇದನ್ನು ನಾನು, ಈ ದಮಯಂತಿ, ಯೋಚಿಸಿದೆ.

ಮರುದಿನ ಬೆಳಿಗ್ಗೆ ಮೊದಲ ಮಳೆ ಒಂದು ಸಲ ಸುರಿದು ನಿಂತಿತ್ತು. ಎಲ್ಲರೂ ಹೊರಟ ಮೇಲೆ ಬಾಲ್ಕನಿಯಲ್ಲಿ ಕೂತು ಗೆರಟೆಗಳಿಗೆ ನಾರು ಹಾಸಿದೆ, ಮಣ್ಣು ತುಂಬಿದೆ, ಬೆರಳಿನಿಂದ ಗುಳಿ ಮಾಡಿದೆ. ಪ್ಯಾಕೆಟ್ ಕತ್ತರಿಸಿ ಗುಲಾಬಿ ಬೀಜಗಳನ್ನು ಅಂಗೈಗೆ ಸುರಿದುಕೊಂಡೆ. ಬೆರಳಿಗೆ ಬಣ್ಣ ಅಂಟಿತು. ಬಿತ್ತಲು ಕೈ ಮುಂದೆ ಹೋಗಲೇ ಇಲ್ಲ. ಅಮ್ಮನಿಗೆ ಗೊತ್ತಾಗದೆ ಇರಬಹುದು, ಆದರೆ ಅಮ್ಮ ಉಣ್ಣುವಾಗ ಎದುರು ಕೂತು ನೋಡಬೇಕಾದವಳು ನಾನಲ್ಲವೇ? ಹಾಗೆ ಕೂತಿದ್ದಾಗ ಫೋನು ಟಿಂಗ್ ಎಂದಿತು.

ತನ್ವಿಯದು. ಒಂದು ಫೋಟೋ, ಕೆಳಗೆ ಒಂದು ಸಾಲು: ಅತ್ತೆ, ಹೇ ಕಾಯ್ ಆಹೇ? ಇದೇನು ಎಂದು ಕೇಳಿದ್ದಳು. ಹುಲ್ಲಿನ ನಡುವೆ ಎರಡು ದಪ್ಪ ಎಲೆ, ತುದಿಯಲ್ಲಿ ಇನ್ನೂ ಬಿದ್ದುಹೋಗದ ಬೀಜದ ಸಿಪ್ಪೆ. ಆ ಸಿಪ್ಪೆಗೆ ಬೂದಿ ಮೆತ್ತಿತ್ತು.

ಅಯ್ಯೋ ದೇವರೇ ಎಂದು ನಾನು ಕೂಗಿದ್ದು ಪಕ್ಕದ ಮನೆಗೂ ಕೇಳಿತಂತೆ. ಅಷ್ಟರಲ್ಲಿ ಕೆಳಗಿನಿಂದ ಗರ್ರ್ ಎಂದು ಹುಲ್ಲು ಕತ್ತರಿಸುವ ಮಶೀನಿನ ಸದ್ದು ಬಂತು. ಮಳೆಗಾಲಕ್ಕೆ ಮೊದಲು ಕಾಂಪೌಂಡು ಬೋಳಿಸುವುದು ನಮ್ಮ ಸೊಸೈಟಿಯ ಪದ್ಧತಿ. ಕೈಯಲ್ಲಿದ್ದ ಗುಲಾಬಿ ಬೀಜವನ್ನು ಪ್ಯಾಕೆಟ್ಟಿಗೆ ತುಂಬಿ ಸೆರಗಿಗೆ ಸಿಕ್ಕಿಸಿ ಓಡಿದೆ. ನೋಯುವ ಈ ಮಂಡಿಯಲ್ಲಿ ನಾನು ಅಷ್ಟು ಜೋರಾಗಿ ಓಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಕೆಳಗೆ ಹೋಗಿ ನೋಡಿದರೆ, ಪಂಪಿನ ಕೋಣೆಯ ಹಿಂದೆ ತನ್ವಿ ನಿಂತಿದ್ದಾಳೆ. ಇಸ್ತ್ರಿ ಮಾಡಿದ ಆಫೀಸು ಬಟ್ಟೆ, ಹೆಗಲಿಗೆ ಬ್ಯಾಗು, ಎರಡೂ ಕೈ ಅಗಲಿಸಿಕೊಂಡು ಮಶೀನಿನ ಎದುರು. ಮಶೀನಿನವನು ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದ. ಸೊಸೈಟಿಯ ಸೆಕ್ರೆಟರಿ ಹೃಷೀಕೇಶ ಕೊಡೆ ಆಡಿಸುತ್ತ ಕೂಗುತ್ತಿದ್ದರು. ನನ್ನ ಮರಾಠಿ ಭಾಜಿವಾಲಿಯ ಹತ್ತಿರ ಚೌಕಾಸಿ ಮಾಡಲು ಸಾಕು, ಸೆಕ್ರೆಟರಿಯ ಹತ್ತಿರ ಜಗಳಕ್ಕೆ ಸಾಲದು. ಆದ್ದರಿಂದ ಬಾಯಿ ತೆರೆದು ನಿಂತು ಕೇಳಿದೆ.

"ಹೇ ಕಾಮನ್ ಏರಿಯಾ ಆಹೇ! ಇಥೇ ಪ್ರೈವೇಟ್ ಲಾಗವಡ ಚಾಲತ ನಾಹೀ!" ಎಂದರು ಹೃಷೀಕೇಶ. ಎಲ್ಲರ ಜಾಗದಲ್ಲಿ ಸ್ವಂತದ ಗಿಡ ನಡೆಯುವುದಿಲ್ಲ ಎಂದು.

"ಆಣಿ ಪಂಪಾಚಾ ಪಾಯಿಪ ದೋನ ವರ್ಷಂ ಗಳತೋಯ, ತೇ ಚಾಲತಂ ಕಾಕಾ?" ಎಂದಳು ತನ್ವಿ.

ಪಂಪಿನ ಪೈಪು ಎರಡು ವರ್ಷದಿಂದ ಸೋರುವುದು ನಡೆಯುತ್ತದೆಯಾ ಎಂದು ಕೇಳಿದ್ದಳು. ನಾನು ಆ ಪೈಪು ನೋಡಿದೆ. ಹೌದು, ದಾಸವಾಳದ ಬುಡದಿಂದ ಬಕೆಟ್ಟಿನ ನೀರು ಇಳಿಜಾರಿನಲ್ಲಿ ಹರಿದು ಕೋಣೆಯ ಹಿಂದಕ್ಕೆ ಬಂದಿದೆ. ಬೀಜವೂ ಜೊತೆಗೆ ಬಂದಿದೆ. ಸೋರುವ ಪೈಪು ದಿನಾ ನೀರು ಕುಡಿಸಿದೆ. ನಾನು ಕೆದಕಿದ್ದು ಮುಂದಿನ ಕಡೆ ಮಾತ್ರ.

ತನ್ವಿ ನಿಲ್ಲಿಸಲಿಲ್ಲ. ಪೈಪಿನಿಂದ ಶುರುಮಾಡಿ, ಬೀಗ ಹಾಕಿದ ಟೆರೇಸಿನ ಮಾತಿಗೆ ಹೋಗಿ, ಮೇಂಟೆನೆನ್ಸ್ ದುಡ್ಡಿನವರೆಗೆ ಬಂದಳು. ಗಂಟಲು ಎತ್ತಲಿಲ್ಲ, ಒಂದೊಂದೇ ಮಾತನ್ನು ಇಟ್ಟು ಇಟ್ಟು ಹೇಳಿದಳು. ಕೊನೆಗೆ ಸಸಿಗಳ ಕಡೆ ಕೈ ತೋರಿಸಿ, "ಹೇ ಗವತ ನಾಹೀ. ಮಾಝ್ಯಾ ಆಜೇಸಾಸೂಚಂ ಬಿಯಾಣಂ ಆಹೇ" ಎಂದಳು. ಇದು ಹುಲ್ಲಲ್ಲ, ನನ್ನ ಗಂಡನ ಅಜ್ಜಿಯ ಬೀಜ. ಹಾಗೆ ಹೇಳುವಾಗ ಅವಳ ಕಣ್ಣಲ್ಲಿ ನೀರಿತ್ತು. ಹೃಷೀಕೇಶರ ಕೊಡೆ ಆಡುವುದು ನಿಂತಿತು. ಅವರಿಗೂ ಊರು ಉಂಟಲ್ಲ, ಸಾತಾರೆಯ ಕಡೆ ಎಲ್ಲೋ. ಮಧ್ಯಾಹ್ನದೊಳಗೆ ಎತ್ತಿಕೊಂಡು ಹೋಗಿ ಎಂದು ಗೊಣಗಿ, ಮಶೀನಿನವನನ್ನು ಗೇಟಿನ ಕಡೆಗೆ ಕರೆದುಕೊಂಡು ಹೋದರು.

ನನ್ನ ಎದೆ ಹೇಗೆ ಉಬ್ಬಿತು ಎಂದು ಹೇಳಲಿ! ಈ ಮೆತ್ತಗಿನ ಹುಡುಗಿಯೊಳಗೆ ಇಂಥ ನಾಲಗೆ ಇದೆಯೆಂದು ನಮ್ಮ ಮನೆಯಲ್ಲಿ ಯಾರಿಗೆ ಗೊತ್ತಿತ್ತು? ನಾನು ಮಾತು ಬಿಟ್ಟಿದ್ದೇನೆ ಎಂಬುದು ಮರೆತೇ ಹೋಯಿತು.

"ನಿನ್ನ ಲೋಕಲ್ ಟ್ರೇನು ಹೋಯಿತಲ್ಲವಾ?" ಎಂದೆ.

"ಗೇಲೀ, ಹೋಯಿತು," ಎಂದಳು, ಮೂಗು ಒರೆಸಿಕೊಳ್ಳುತ್ತ. "ದಿನಾ ಇಲ್ಲಿಂದಲೇ ಹೋಗ್ತೇನೆ ಅತ್ತೆ. ದಿನಾ ನೋಡ್ತಿದ್ದೆ. ಇವತ್ತು ಕಂಡಿತು."

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ ಬಿಡುವವರು ಯಾರು? ಜ್ವರ ಬಂದರೂ ಬಿಡುವುದಿಲ್ಲ. ನನ್ನ ಸೌತೆಗಾಗಿ ಬಿಟ್ಟಿದ್ದಳು.

ಸೌತೆಯ ಬೇರು ಮುಟ್ಟಿದರೆ ಗಿಡ ಸತ್ತಂತೆಯೇ, ಬುಡದ ಮಣ್ಣು ಅಲುಗದಂತೆ ಎತ್ತಬೇಕು. ಚಪ್ಪಟೆಯಾದದ್ದು ಏನಾದರೂ ಬೇಕು ಎಂದೆ. ತನ್ವಿ ಮೇಲೆ ಓಡಿ, ಮೋರಿಯ ಪಕ್ಕ ನಾನು ಎಸೆದಿಟ್ಟಿದ್ದ ಅದೇ ಸಟ್ಟುಗ ತಂದಳು. ಜೊತೆಗೆ ನಾನು ತುಂಬಿಟ್ಟಿದ್ದ ಗೆರಟೆಗಳು. ಅವನ್ನು ಯಾವ ಬೀಜಕ್ಕೆ ತುಂಬಿದ್ದೆ ಎಂದು ಅವಳು ಕೇಳಲಿಲ್ಲ. ಒದ್ದೆ ಹುಲ್ಲಿನಲ್ಲಿ ಇಬ್ಬರೂ ಮಂಡಿಯೂರಿದೆವು. ಸಟ್ಟುಗವನ್ನು ಅವಳ ಕೈಗೇ ಕೊಟ್ಟು, ನಾನು ಹೇಳುತ್ತ ಹೋದೆ. ಇನ್ನೂ ಸ್ವಲ್ಪ ದೂರದಿಂದ ಹಾಕು. ಒತ್ತಬೇಡ. ಉಸಿರು ಬಿಟ್ಟು ಎತ್ತು, ದೋಸೆ ಎಬ್ಬಿಸುವ ಹಾಗೆ. ಐದೋ ಆರೋ ಸಸಿ ಸಿಕ್ಕಿದವು. ಅವಳ ಆಫೀಸು ಪ್ಯಾಂಟಿನ ಮಂಡಿ ಕೆಸರಾಯಿತು.

ಎರಡು ಸಸಿ ವಾರದೊಳಗೆ ಬಾಡಿದವು. ಉಳಿದವು ಗ್ರಿಲ್ಲಿಗೆ ಹತ್ತಿದವು. ಬೆಳಿಗ್ಗೆ ಲೋಕಲಿಗೆ ಹೊರಡುವ ಮೊದಲು ಗೆರಟೆಗೆ ಬೆರಳಿಟ್ಟು ನೋಡುವ ಕೆಲಸ ತನ್ವಿ ತಾನೇ ವಹಿಸಿಕೊಂಡಳು, ನನ್ನ ಹಾಗೆಯೇ ಆ ಹೊತ್ತಿನಲ್ಲಿ ಅವಳೂ ಉತ್ತರ ಕೊಡುವುದಿಲ್ಲ. ಯತಿನ್ ಎರಡು ಕಡೆಯಿಂದಲೂ ಬೈಸಿಕೊಂಡ. ಸಸಿ ದೊಡ್ಡದಾದಾಗ ಗೆರಟೆ ಒಡೆದು ಹಿಟ್ಟಿನ ಡಬ್ಬಕ್ಕೆ ಇಳಿಸಿದೆವು. ಮೂರನೇ ಮಾಳಿಗೆಗೆ ಜೇನುಹುಳ ಬರುವುದು ಅಪರೂಪ, ಗಂಡುಹೂ ಕಿತ್ತು ಹೆಣ್ಣುಹೂವಿಗೆ ಸವರಬೇಕು. ಅದನ್ನು ತೋರಿಸಿಕೊಟ್ಟಾಗ ತನ್ವಿ ನಕ್ಕು ನಕ್ಕು, "ಅತ್ತೆ, ಆಪ್ ತೋ ಮ್ಯಾರೇಜ್ ಬ್ಯೂರೋ!" ಎಂದಳು. ಮಳೆ ಹೊಡೆದು ಎಷ್ಟೋ ಮಿಡಿ ಉದುರಿದವು. ನಾಲ್ಕು ತೂಗುಹಾಕುತ್ತೇನೆ ಎಂದಿದ್ದೆ, ಚೌತಿಯ ಹೊತ್ತಿಗೆ ಸೀರೆಯ ಅಂಚಿನಲ್ಲಿ ಹಳದಿಯಾಗಿ ತೂಗಿದ್ದು ಎರಡು. ಇರಲಿ. ಆ ಎರಡನ್ನು ನೋಡಲು ಮೇಲಿನ ಮಾಳಿಗೆಯವರೂ ಬಂದರು, ಬರದವರನ್ನು ನಾನೇ ಕರೆದು ತೋರಿಸಿದೆ.

ಹೊಸತಿನ ದಿನ ಲೋಲಾಕ್ಷಿ ಅಮ್ಮನನ್ನು ಕಾರಿನಲ್ಲಿ ಕರೆತಂದಳು. ಯತಿನ್ ಮೆಟ್ಟಿಲ ಮೇಲೆ ಕುರ್ಚಿ ಸಮೇತ ಎತ್ತಿ ತಂದ. ಬಾಲ್ಕನಿಯ ಬಾಗಿಲಲ್ಲಿ ಕೂರಿಸಿ, ಒಂದು ಸೌತೆ ಬಿಚ್ಚಿ ಅಮ್ಮನ ಮಡಿಲಿಗೆ ಇಟ್ಟೆ. ಅಮ್ಮ ಅದನ್ನು ನೋಡಲು ಹೋಗಲೇ ಇಲ್ಲ. ಕಣ್ಣು ಮುಚ್ಚಿ ಎರಡೂ ಕೈಯಿಂದ ಸವರಿದಳು. ಹೆಬ್ಬೆರಳು ತೊಟ್ಟಿನ ಹತ್ತಿರ ಹೋಗಿ, ಆ ತಗ್ಗಿನಲ್ಲಿ ಸರಿಯಾಗಿ ಕೂತಿತು.

"ಓ, ಬತ್ತನಾ?" ಎಂದಳು. ಬಂದೆಯಾ ಎಂದು ಸೌತೆಯನ್ನು ಕೇಳಿದ್ದು.

ಆ ಗುಲಾಬಿ ಬೀಜದ ಸೌತೆ ಅವಳ ಮಡಿಲಲ್ಲಿ ಇದ್ದಿದ್ದರೆ?

"ಮಾರ್ಕೆಟಿನದ್ದೂ ಹೀಗೇ ಇರ್ತದೆ ಅಮ್ಮ," ಎಂದಳು ಲೋಲಾಕ್ಷಿ.

"ನಿನಗೆ ಎಲ್ಲವೂ ಹೀಗೇ ಇರ್ತದೆ," ಎಂದಳು ಅಮ್ಮ.

ಸೌತೆಯನ್ನು ನಾನೇ ಹೆಚ್ಚಿದೆ. ಹೋಳು ಕೊದ್ದೆಲಿಗೆ, ಬೀಜ ಬಟ್ಟಲಿಗೆ. ಅಮ್ಮ ಎರಡು ಸಲ ಅನ್ನ ಹಾಕಿಸಿಕೊಂಡಳು, ಬೆರಳು ನೆಕ್ಕಿದಳು, ಇನ್ನೊಂದು ಹೋಳು ಉಂಟಾ ಎಂದು ಕೇಳಿದಳು. ಲೋಲಾಕ್ಷಿ ಬಡಿಸುವುದು ಬಿಟ್ಟು ಅಮ್ಮನನ್ನೇ ನೋಡುತ್ತಿದ್ದಳು. ಅಮ್ಮನ ಹೊಟ್ಟೆ ತುಂಬಿದ ಮೇಲೆ ನಾನು ನಡೆದದ್ದನ್ನೆಲ್ಲ ಹೇಳಿಬಿಟ್ಟೆ, ಪಾರಿವಾಳದಿಂದ ಹಿಡಿದು ಪ್ಯಾಕೆಟ್ಟಿನ ತನಕ. ಅಮ್ಮ ನಕ್ಕಳು, ಕೆಮ್ಮು ಬರುವ ತನಕ ನಕ್ಕಳು. ಬೈಗುಳ ಬರುತ್ತದೆಂದು ತನ್ವಿ ನನ್ನ ಹಿಂದೆ ಸರಿದಿದ್ದಳು.

"ಬಾ ಇಲ್ಲಿ," ಎಂದಳು ಅಮ್ಮ. "ಬೂದಿ ತಾ. ಸೆಗಣಿ ತಾ."

ತೊಳೆದ ಬೀಜಗಳನ್ನು ಅಮ್ಮನೇ ಕಲಸಿದಳು. ಮೊದಲ ಉಂಡೆ ಕಟ್ಟಿದಳು. ಹಳೆಯ ಅಭ್ಯಾಸದಂತೆ ನಾನು ಕೈ ಚಾಚಿದೆ. ಅಮ್ಮ ನನ್ನ ಕೈಯನ್ನು ದಾಟಿಸಿ ಉಂಡೆಯನ್ನು ತನ್ವಿಯ ಅಂಗೈಯಲ್ಲಿ ಇಟ್ಟು, ಬೆರಳುಗಳನ್ನು ಮಡಿಸಿದಳು.

"ನನ್ನಿಂದ ಇವಳು ತೆಗೆದುಕೊಂಡಳು. ಇನ್ನು ನೀನು ಇಟ್ಟುಕೋ. ಬಿಸಾಡುವಾಗಲೂ ಬೀಜ ಉಳಿಸಿದ ಕೈ ನಿನ್ನದು."

ಒಂದು ಗಳಿಗೆ ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ? ಇಷ್ಟು ವರ್ಷ ಬೀಜ ಕಾಪಾಡಿದವಳು ನಾನು. ಆದರೆ ತನ್ವಿ ಗೋಡೆಯ ಎದುರು ನಿಂತು, ಉಂಡೆ ಹಿಡಿದು, ನನ್ನ ಕಡೆ ತಿರುಗಿದಳು.

"ಸಾಲಾಗಿಯಾ ಅತ್ತೆ?"

"ಸಾಲಾಗಿಯೇ ಬಡಿ ಮಾರಾಯ್ತಿ," ಎಂದೆ. "ಇಲ್ಲದಿದ್ದರೆ ಯಾರಾದರೂ ಪಾರಿವಾಳದ್ದು ಅಂದುಕೊಂಡಾರು."

ಅವಳು ಬಡಿದಳು. ಮೊದಲನೆಯದು ಸೊಟ್ಟ, ಎರಡನೆಯದು ಪರವಾಗಿಲ್ಲ, ಆಮೇಲಿನವು ನನ್ನವಕ್ಕಿಂತ ನೆಟ್ಟಗೆ. ಹೊರಡುವಾಗ ಲೋಲಾಕ್ಷಿ, ತನಗೂ ನಾಲ್ಕು ಬೀಜ ಕೊಡು ಎಂದಳು. ಸಾಸಿವೆ ಡಬ್ಬದ ಹಿಂದಿನಿಂದ ಗುಲಾಬಿ ಬೀಜದ ಪ್ಯಾಕೆಟ್ ತೆಗೆದು ಕೊಟ್ಟೆ. ವಸ್ತು ಹಾಳು ಮಾಡುವುದೇಕೆ?

ದೀಪಾವಳಿ ಕಳೆದ ಮೇಲೆ ಬಿಲ್ಡಿಂಗಿಗೆ ಬಣ್ಣ ಬಳಿಸುವ ಮಾತಿಗೆ ಹೃಷೀಕೇಶ ಒಬ್ಬ ಪೇಂಟರನನ್ನು ಕರೆದುಕೊಂಡು ಮನೆಮನೆಗೆ ಬಂದರು. ತನ್ವಿ ಆಫೀಸಿಗೆ ಹೋಗಿದ್ದಳು. ನಮ್ಮ ಬಾಲ್ಕನಿಗೆ ಬಂದವರೇ ಗೋಡೆಯ ಮೇಲಿನ ಸಾಲು ನೋಡಿ ಮೂಗು ಮುಚ್ಚಿಕೊಂಡು, "ಅರೇರೇ, ಕಬೂತರಾಂಚಾ ಲಯೀ ತ್ರಾಸ ಆಹೇ ತುಮಚ್ಯಾಕಡೇ!" ಎಂದರು. ನಿಮ್ಮಲ್ಲಿ ಪಾರಿವಾಳದ ಕಾಟ ಬಹಳ ಎಂದು. ಪೇಂಟರು ಆಗಲೇ ಕಿಸೆಯಿಂದ ತಗಡಿನ ಪತ್ತಿ ತೆಗೆದಿದ್ದ, ಕೆರೆಯಲು.

ನಾನು ಗೋಡೆಗೂ ಅವನಿಗೂ ನಡುವೆ ಹೋಗಿ ನಿಂತು, ಎರಡೂ ಕೈ ಅಗಲಿಸಿದೆ.

"ಹಾತ ಲಾವೂ ನಕಾ," ಎಂದೆ. "ಮಾಝ್ಯಾ ಸುನೇಚಂ ಬಿಯಾಣಂ ಆಹೇ."

ಮುಟ್ಟಬೇಡಿ, ನನ್ನ ಸೊಸೆಯ ಬೀಜ. ನನ್ನ ಮರಾಠಿ ಅಷ್ಟಕ್ಕೆ ಸಾಕಾಯಿತು.